ವೇಷದ ಮರೆಯ ನಟ ಅಲೆಕ್ ಗಿನ್ನೆಸ್

ಅಲೆಕ್ ಗಿನ್ನೆಸ್ ಹುಟ್ಟಿದ್ದು 1914ರ ಏಪ್ರಿಲ್ 2ರಂದು, ಲಂಡನ್ನಿನ ಮೈಡಾ ವೇಲ್‌ನಲ್ಲಿ. ಜನನ ಪ್ರಮಾಣಪತ್ರದಲ್ಲಿ ತಂದೆಯ ಹೆಸರು ಬರೆಯುವ ಜಾಗ ಖಾಲಿ ಉಳಿದಿತ್ತು. ತಾಯಿ ಆಗ್ನೆಸ್ ಕಫ್‌ಗೆ ಆಗ ಮದುವೆಯಾಗಿರಲಿಲ್ಲ. ‘ಗಿನ್ನೆಸ್’ ಎಂಬುದು ಮಗುವಿಗೆ ಇಟ್ಟ ಹೆಸರಿನ ಭಾಗವಾಗಿತ್ತೇ ಹೊರತು ಯಾವ ಮನೆತನದಿಂದಲೂ ಬಂದದ್ದಲ್ಲ. ಹುಡುಗ ಐದು ವರ್ಷದವನಾಗಿದ್ದಾಗ ತಾಯಿ ಸೈನ್ಯದ ಕ್ಯಾಪ್ಟನ್ ಒಬ್ಬನನ್ನು ಮದುವೆಯಾದಳು. ಆತ ಮಹಾ ಒರಟ. ಮೂರು ವರ್ಷಕ್ಕೆ ಆ ಸಂಬಂಧ ಮುರಿದುಬಿತ್ತು. ಆದರೆ ಅವನ ಮನೆತನದ ಹೆಸರಾದ ಸ್ಟೈವನ್ ಹುಡುಗನಿಗೆ ಅಂಟಿಕೊಂಡಿತು. ಅದು ತನ್ನ ಹೆಸರಲ್ಲ, ತಾನು ಗಿನ್ನೆಸ್ ಎಂದು ಅವನಿಗೆ ತಿಳಿಯುವ ಹೊತ್ತಿಗೆ ಹದಿನಾಲ್ಕು ವರ್ಷ ತುಂಬಿತ್ತು. ಅಷ್ಟರಲ್ಲಿ ತನಗೆ ಮೂರು ಹೆಸರುಗಳಾಗಿದ್ದವು, ಸುಮಾರು ಮೂವತ್ತು ಹೋಟೆಲು, ಬಾಡಿಗೆ ಕೋಣೆಗಳಲ್ಲಿ ವಾಸವಾಗಿತ್ತು ಎಂದು ಅವರು ಆತ್ಮಕಥೆಯಲ್ಲಿ ಲೆಕ್ಕ ಕೊಟ್ಟಿದ್ದಾರೆ. ಬಾಡಿಗೆ ಕೊಡಲಾಗದೆ ತಾಯಿ ಮಗ ಊರೂರು ಬದಲಿಸಿದ್ದೂ ಉಂಟು.

ಖಾಸಗಿ ವಸತಿ ಶಾಲೆಯ ಶುಲ್ಕವನ್ನು ಮಾತ್ರ ಆಂಡ್ರ್ಯೂ ಗೆಡ್ಡೆಸ್ ಎಂಬ ಸ್ಕಾಟ್ಲೆಂಡಿನ ಬ್ಯಾಂಕರ್ ತಪ್ಪದೆ ಕಟ್ಟುತ್ತಿದ್ದ. ಆಗೊಮ್ಮೆ ಈಗೊಮ್ಮೆ ಚಿಕ್ಕಪ್ಪನ ಹಾಗೆ ಬಂದು ನೋಡಿ ಹೋಗುತ್ತಿದ್ದ. ಅವನೇ ತನ್ನ ತಂದೆಯಿರಬೇಕು ಎಂಬುದು ಗಿನ್ನೆಸ್ ಅವರ ಕೊನೆಯವರೆಗಿನ ನಂಬಿಕೆ. ಖಚಿತವಾಗಿ ಹೇಳುವವರು ಯಾರೂ ಇರಲಿಲ್ಲ. ಮುಂದೆ ಅವರ ಅಭಿನಯದ ಬಗ್ಗೆ ಬರೆದವರೆಲ್ಲ ಈ ಬಾಲ್ಯವನ್ನು ಬೀಗದ ಕೈಯಂತೆ ಬಳಸಿದ್ದಾರೆ. ಹೆಸರೇ ಖಚಿತವಿಲ್ಲದ ಹುಡುಗ ಬೇರೆಯವರ ವೇಷ ತೊಡುವ ನಟನಾದ ಎಂಬ ವಿವರಣೆ ಕೇಳಲು ಚೆನ್ನ. ಆದರೆ ಅಂಥ ಬಾಲ್ಯ ಕಂಡ ಸಾವಿರಾರು ಮಕ್ಕಳಲ್ಲಿ ನಟರಾದವರು ಎಷ್ಟು ಮಂದಿ? ಗಿನ್ನೆಸ್ ಬಾಲ್ಯದಿಂದ ಕಲಿತದ್ದು ಇನ್ನೂ ನಿರ್ದಿಷ್ಟವಾದ ಒಂದು ಸಂಗತಿ: ಮನಸ್ಸಿನಲ್ಲಿರುವುದು ಮುಖದಲ್ಲಿ ಕಾಣದಂತೆ ಇರುವುದು. ಅವರ ದೊಡ್ಡ ಯಶಸ್ಸುಗಳಿಗೂ ದೊಡ್ಡ ಸೋಲುಗಳಿಗೂ ಕಾರಣ ಅದೇ.

ಶಾಲೆ ಮುಗಿದ ಮೇಲೆ ಲಂಡನ್ನಿನ ಒಂದು ಜಾಹೀರಾತು ಸಂಸ್ಥೆಯಲ್ಲಿ ಜಾಹೀರಾತಿನ ಬರಹ ಬರೆಯುವ ಕೆಲಸ ಸಿಕ್ಕಿತು. ವಾರಕ್ಕೆ ಒಂದು ಪೌಂಡ್ ಸಂಬಳ. ಸಂಜೆಯಾದರೆ ನಾಟಕ ಮಂದಿರದ ಅಗ್ಗದ ಸೀಟಿನಲ್ಲಿ ಹಾಜರು. ಆ ಕಾಲದ ರಂಗಭೂಮಿಯ ಧ್ರುವತಾರೆ ಜಾನ್ ಗೀಲ್‌ಗುಡ್‌ಗೆ ಪರಿಚಯವೇ ಇಲ್ಲದೆ ಫೋನ್ ಮಾಡಿ ಸಲಹೆ ಕೇಳಿದರು. ಮಾರ್ಟಿಟಾ ಹಂಟ್ ಎಂಬ ನಟಿಯ ಬಳಿ ಪಾಠಕ್ಕೆ ಹೋಗು ಎಂದರು ಗೀಲ್‌ಗುಡ್. ಕೆಲವು ಪಾಠಗಳ ನಂತರ ಆಕೆ, ನಿನಗೆ ನಟನೆ ಒಲಿಯುವುದಿಲ್ಲ, ಸುಮ್ಮನೆ ಹಣ ಕಳೆಯಬೇಡ ಎಂದು ಕೈಚೆಲ್ಲಿದರು. ಮುಂದೆ ಡೇವಿಡ್ ಲೀನ್ ಅವರ ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’ ಚಿತ್ರದಲ್ಲಿ ಗುರುವೂ ಶಿಷ್ಯನೂ ಒಟ್ಟಿಗೆ ಕಾಣಿಸಿಕೊಂಡರು. ಮಿಸ್ ಹ್ಯಾವಿಷಮ್ ಆದದ್ದು ಇದೇ ಮಾರ್ಟಿಟಾ ಹಂಟ್.

ನಟಿ ಫೇ ಕಾಂಪ್ಟನ್ ನಡೆಸುತ್ತಿದ್ದ ನಾಟಕ ಶಾಲೆಯಲ್ಲಿ ವಿದ್ಯಾರ್ಥಿವೇತನ ಸಿಕ್ಕಿದ್ದರಿಂದ ನೌಕರಿ ಬಿಟ್ಟರು. 1934ರಲ್ಲಿ, ಇಪ್ಪತ್ತು ತುಂಬಿದ ದಿನವೇ, ‘ಲೈಬೆಲ್!’ ಎಂಬ ನ್ಯಾಯಾಲಯದ ನಾಟಕದಲ್ಲಿ ಕಿರಿಯ ವಕೀಲನಾಗಿ ವೃತ್ತಿರಂಗಕ್ಕೆ ಬಂದರು. ಮಾತೇ ಇಲ್ಲದ ಪಾತ್ರ. ಮುಂದಿನ ನಾಟಕದಲ್ಲಿ ಒಂದೇ ಸಂಜೆ ಮೂರು ಸಣ್ಣ ವೇಷ: ಚೀನೀ ಕೂಲಿ, ಫ್ರೆಂಚ್ ಕಡಲ್ಗಳ್ಳ, ಇಂಗ್ಲಿಷ್ ನಾವಿಕ. ಹೊಟ್ಟೆಗಿಲ್ಲದೆ ಅಲೆಯುತ್ತಿದ್ದ ಆ ದಿನಗಳಲ್ಲಿ ಗೀಲ್‌ಗುಡ್ 20 ಪೌಂಡ್ ಕೊಡಲು ಬಂದರೆ ಹುಡುಗ ಬಿಗುಮಾನದಿಂದ ಬೇಡವೆಂದ. ಅದೇ ವರ್ಷ ಗೀಲ್‌ಗುಡ್ ತಮ್ಮ ಪ್ರಸಿದ್ಧ ‘ಹ್ಯಾಮ್ಲೆಟ್’ ಪ್ರಯೋಗದಲ್ಲಿ ಆಸ್ಥಾನದ ಶೋಕಿಲಾಲ ಆಸ್ರಿಕ್‌ನ ಪಾತ್ರ ಕೊಟ್ಟರು. ಅಲ್ಲಿಂದ ಯುದ್ಧ ಶುರುವಾಗುವವರೆಗೆ ಅವರಿಗೆ ಗೀಲ್‌ಗುಡ್ ಮತ್ತು ಟೈರೋನ್ ಗತ್ರಿ ಎಂಬ ಇಬ್ಬರು ಗುರುಗಳ ನೆರಳು ತಪ್ಪಲಿಲ್ಲ. ಸಣ್ಣ ಪಾತ್ರಗಳಲ್ಲಿ ಷೇಕ್ಸ್‌ಪಿಯರ್‌ನನ್ನು ಅರೆದು ಕುಡಿದರು.

1935ರಲ್ಲಿ ‘ನೋವಾ’ ಎಂಬ ನಾಟಕದಲ್ಲಿ ಗಿನ್ನೆಸ್ ತೋಳವಾಗಿದ್ದರು, ಮೆರುಲಾ ಸಲಾಮನ್ ಎಂಬ ಯುವತಿ ಹುಲಿ. ಪ್ರಾಣಿಗಳ ಮುಖವಾಡದ ಹಿಂದೆ ಆದ ಪರಿಚಯ 1938ರಲ್ಲಿ ಮದುವೆಯಾಯಿತು. ಆ ದಾಂಪತ್ಯ ಅರುವತ್ತೆರಡು ವರ್ಷ ನಡೆಯಿತು. ಮದುವೆಯಾದ ವರ್ಷವೇ ಓಲ್ಡ್ ವಿಕ್ ರಂಗಮಂದಿರದಲ್ಲಿ ಗತ್ರಿ ಅವರ ನಿರ್ದೇಶನದಲ್ಲಿ ಇಪ್ಪತ್ತನಾಲ್ಕರ ಗಿನ್ನೆಸ್ ಹ್ಯಾಮ್ಲೆಟ್ ಆದರು. ಒಂದು ಸಾಲನ್ನೂ ಕತ್ತರಿಸದ ಪೂರ್ಣ ಪಾಠ, ಉಡುಪು ಮಾತ್ರ ಅಂದಿನ ದಿನಗಳದು. ಒಫೀಲಿಯಾಳ ಶವಸಂಸ್ಕಾರಕ್ಕೆ ಬಂದವರು ಮಳೆಯಲ್ಲಿ ಕೊಡೆ ಹಿಡಿದು ನಿಂತಿದ್ದರು. ಅಬ್ಬರವಿಲ್ಲದ, ತನ್ನೊಳಗೇ ಮಾತಾಡಿಕೊಳ್ಳುವ ಈ ರಾಜಕುಮಾರನನ್ನು ಕೆಲವರು ಮೆಚ್ಚಿದರು. ಇನ್ನು ಕೆಲವರಿಗೆ ಅವನು ತೀರಾ ಸಪ್ಪೆ ಎನಿಸಿದ. ಅವರ ಬಗ್ಗೆ ಮುಂದೆಯೂ ಮತ್ತೆ ಮತ್ತೆ ಕೇಳಿಬಂದ ಭಿನ್ನಾಭಿಪ್ರಾಯ ಇದು.

ಯುದ್ಧ ಬಂದಾಗ 1941ರಲ್ಲಿ ಸಾಮಾನ್ಯ ನಾವಿಕನಾಗಿ ನೌಕಾಪಡೆ ಸೇರಿ, ಮರುವರ್ಷ ಅಧಿಕಾರಿಯಾದರು. 1943ರ ಜುಲೈನಲ್ಲಿ ಸಿಸಿಲಿಯ ಮೇಲೆ ದಾಳಿ ನಡೆದಾಗ ಸೈನಿಕರನ್ನು ದಡಕ್ಕಿಳಿಸುವ ದೋಣಿಯೊಂದು ಅವರ ಕೈಯಲ್ಲಿತ್ತು. ದಾಳಿಯ ಹೊತ್ತು ಮುಂದಕ್ಕೆ ಹೋದ ಸುದ್ದಿ ತಲುಪದೆ ಅವರ ದೋಣಿ ಎಲ್ಲರಿಗಿಂತ ಮೊದಲೇ ದಡ ಸೇರಿತಂತೆ. ನಂತರ ಬಂದು ಗದರಿದ ಮೇಲಧಿಕಾರಿಗೆ, ಲಂಡನ್ನಿನ ರಂಗಮಂದಿರದಲ್ಲಿ ಹೀಗೆ ತಡವಾಗಿ ಬಂದರೆ ಕೆಲಸ ಹೋಗುತ್ತದೆ ಎಂದು ಉತ್ತರಿಸಿದೆ ಎಂದು ಅವರೇ ಬರೆದುಕೊಂಡಿದ್ದಾರೆ. ಯುಗೊಸ್ಲಾವಿಯದ ಗೆರಿಲ್ಲಾ ಹೋರಾಟಗಾರರಿಗೆ ಸರಕು ಸಾಗಿಸುವ ಕೆಲಸವನ್ನೂ ಮಾಡಿದರು.

ಯುದ್ಧದಿಂದ ಮರಳಿದಾಗ ವಯಸ್ಸು ಮೂವತ್ತೆರಡರ ಹತ್ತಿರ. 1946ರಲ್ಲಿ ಲಾರೆನ್ಸ್ ಒಲಿವಿಯರ್ ಲಿಯರ್ ದೊರೆಯಾದ ಪ್ರಯೋಗದಲ್ಲಿ ವಿದೂಷಕನಾದರು. ಅರಸನ ಪಕ್ಕದಲ್ಲಿ ಬಿಳಿ ಬಣ್ಣ ಬಳಿದ ಮುಖ, ಸಣ್ಣ ದನಿ. ಅಬ್ಬರದ ಲಿಯರ್ ಎದುರಿಗೆ ಈ ಸಣ್ಣ ದನಿಯೇ ನೋಡಿದವರ ನೆನಪಿನಲ್ಲಿ ಉಳಿಯಿತು. ಒಲಿವಿಯರ್, ಗೀಲ್‌ಗುಡ್, ರಾಲ್ಫ್ ರಿಚರ್ಡ್‌ಸನ್ ಆ ಕಾಲದ ಇಂಗ್ಲಿಷ್ ರಂಗಭೂಮಿಯ ತ್ರಿಮೂರ್ತಿಗಳು. ಗಿನ್ನೆಸ್ ಈ ಮೂವರಿಗಿಂತ ಹತ್ತು ವರ್ಷದ ಆಸುಪಾಸು ಚಿಕ್ಕವರು. ರಂಗದ ಮೇಲೆ ಅವರ ಸಾಲಿಗೆ ಎಂದೂ ಪೂರ್ತಿಯಾಗಿ ಸೇರಲಿಲ್ಲ. ಅವರ ಜಾಗ ಬೇರೆ ಕಡೆ, ಸಿನಿಮಾದಲ್ಲಿ, ಸಿದ್ಧವಾಗುತ್ತಿತ್ತು.

ಅದನ್ನು ಮೊದಲು ಕಂಡುಕೊಂಡವರು ಡೇವಿಡ್ ಲೀನ್. 1939ರಲ್ಲಿ ಡಿಕನ್ಸ್‌ನ ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’ ಕಾದಂಬರಿಯನ್ನು ಗಿನ್ನೆಸ್ ಸ್ವತಃ ನಾಟಕವಾಗಿಸಿ, ಅದರಲ್ಲಿ ಹರ್ಬರ್ಟ್ ಪಾಕೆಟ್‌ನ ಪಾತ್ರ ಮಾಡಿದ್ದರು. ಅದನ್ನು ನೋಡಿದ್ದ ಲೀನ್ 1946ರ ತಮ್ಮ ಚಿತ್ರಕ್ಕೂ ಅದೇ ಪಾತ್ರಕ್ಕೆ ಕರೆದರು. ಮುಂದಿನ ಚಿತ್ರ ‘ಆಲಿವರ್ ಟ್ವಿಸ್ಟ್’ ಎಂದು ತಿಳಿದಾಗ ಗಿನ್ನೆಸ್ ಕೇಳಿದ್ದು ಮುದುಕ ಫೇಗಿನ್‌ನ ಪಾತ್ರವನ್ನು. ಲೀನ್ ನಕ್ಕುಬಿಟ್ಟರು, ಮೂವತ್ತರ ಗಂಡು ಆ ಮುದಿ ಕಳ್ಳರ ಗುರುವಾಗುವುದು ಹೇಗೆ? ಒಮ್ಮೆ ಪರೀಕ್ಷಾ ಚಿತ್ರೀಕರಣ ಮಾಡಿ ನೋಡಿ ಎಂದು ಹಟ ಹಿಡಿದ ಗಿನ್ನೆಸ್, ಡಿಕನ್ಸ್‌ನ ಮೂಲ ಮುದ್ರಣಕ್ಕೆ ಕ್ರೂಕ್‌ಷ್ಯಾಂಕ್ ಬಿಡಿಸಿದ ಚಿತ್ರದಿಂದ ಎದ್ದು ಬಂದವರಂತೆ ಕ್ಯಾಮೆರಾ ಮುಂದೆ ನಿಂತರು. ಪಾತ್ರ ಅವರದಾಯಿತು. ಬಣ್ಣಗಾರ ಸ್ಟುವರ್ಟ್ ಫ್ರೀಬಾರ್ನ್ ಕಟ್ಟಿದ ಆ ದೊಡ್ಡ ಕೊಕ್ಕೆಮೂಗು ಮಾತ್ರ ವಿವಾದವಾಯಿತು. ನಾಜಿಗಳು ಲಕ್ಷಗಟ್ಟಲೆ ಯಹೂದಿಗಳನ್ನು ಕೊಂದು ಮೂರೇ ವರ್ಷ ಕಳೆದಿದ್ದ 1948ರಲ್ಲಿ ಯಹೂದಿಯೊಬ್ಬನನ್ನು ಹೀಗೆ ತೋರಿಸಿದ್ದನ್ನು ಜನ ಸಹಿಸಲಿಲ್ಲ. ಬರ್ಲಿನ್‌ನಲ್ಲಿ ಪ್ರದರ್ಶನಕ್ಕೆ ತಡೆಯೊಡ್ಡಿ ಗಲಭೆಯಾಯಿತು. ಅಮೆರಿಕದಲ್ಲಿ ಚಿತ್ರ ಬಿಡುಗಡೆಯಾದದ್ದು 1951ರಲ್ಲಿ, ಅದೂ ಕತ್ತರಿ ಪ್ರಯೋಗದ ನಂತರ. ಆಕ್ಷೇಪ ನ್ಯಾಯವಾದದ್ದೇ. ಚಿತ್ರಕಾರನ ಗೆರೆಗಳಿಗೆ ನಿಷ್ಠರಾಗಿದ್ದೇವೆ ಎಂಬ ಸಮಜಾಯಿಷಿ ಅದಕ್ಕೆ ಉತ್ತರವಾಗುವುದಿಲ್ಲ.

ಲಂಡನ್ನಿನ ಪಶ್ಚಿಮದ ಈಲಿಂಗ್ ಸ್ಟುಡಿಯೊ ಯುದ್ಧಾನಂತರದ ಬ್ರಿಟನ್ನಿನ ಹಾಸ್ಯ ಚಿತ್ರಗಳ ಕಾರ್ಖಾನೆ. ಅಲ್ಲಿ 1949ರಲ್ಲಿ ರಾಬರ್ಟ್ ಹ್ಯಾಮರ್ ನಿರ್ದೇಶಿಸಿದ ‘ಕೈಂಡ್ ಹಾರ್ಟ್ಸ್ ಅಂಡ್ ಕೊರೊನೆಟ್ಸ್’ ಗಿನ್ನೆಸ್ ಅವರನ್ನು ಮನೆಮಾತಾಗಿಸಿತು. ಶ್ರೀಮಂತ ಡಾಸ್ಕಾಯ್ನ್ ಮನೆತನ ತನ್ನ ತಾಯಿಯನ್ನು ಹೊರಹಾಕಿತೆಂಬ ಸಿಟ್ಟಿಗೆ ಯುವಕನೊಬ್ಬ ಪದವಿಗೂ ತನಗೂ ನಡುವೆ ಇರುವ ಬಂಧುಗಳನ್ನೆಲ್ಲ ಒಬ್ಬೊಬ್ಬರಾಗಿ ಮುಗಿಸುವ ಕಥೆ. ಮೊದಲು ಗಿನ್ನೆಸ್ ಮುಂದೆ ಇಟ್ಟದ್ದು ನಾಲ್ಕು ಪಾತ್ರ. ನಾಲ್ಕೇ ಏಕೆ, ಎಂಟೂ ಇರಲಿ ಎಂದರು ಅವರು. ಪಾದ್ರಿ, ಸೇನಾಧಿಪತಿ, ಬ್ಯಾಂಕರ್, ಡ್ಯೂಕ್, ಮಹಿಳಾ ಮತದಾನಕ್ಕಾಗಿ ಹೋರಾಡುವ ಲೇಡಿ ಅಗಾಥಾ, ಎಲ್ಲವೂ ಅವರೇ. ಆರು ಮಂದಿ ಡಾಸ್ಕಾಯ್ನ್‌ಗಳು ಇಗರ್ಜಿಯಲ್ಲಿ ಒಟ್ಟಿಗೆ ಕಾಣಿಸುವ ಒಂದು ದೃಶ್ಯಕ್ಕಾಗಿ ಛಾಯಾಗ್ರಾಹಕ ಡಗ್ಲಸ್ ಸ್ಲೋಕೂಂಬ್ ಕ್ಯಾಮೆರಾವನ್ನು ಕದಲದಂತೆ ಬಿಗಿದು, ಒಂದೇ ಫಿಲಂ ಅನ್ನು ಮತ್ತೆ ಮತ್ತೆ ಹಿಂದಕ್ಕೆ ಸುತ್ತಿ, ಒಂದೊಂದು ಸಲಕ್ಕೆ ಒಬ್ಬೊಬ್ಬರನ್ನು ಸೆರೆಹಿಡಿದರು. ರಾತ್ರಿ ಯಾರಾದರೂ ಮುಟ್ಟಿಬಿಟ್ಟಾರು ಎಂದು ಕ್ಯಾಮೆರಾದ ಪಕ್ಕದಲ್ಲೇ ಮಲಗಿದರಂತೆ. ಮುಳುಗುವ ಹಡಗಿನ ಮೇಲೆ ಸೆಲ್ಯೂಟ್ ಹೊಡೆಯುತ್ತಾ ನೀರೊಳಗೆ ಇಳಿಯುವ ನೌಕಾಧಿಪತಿಯ ದೃಶ್ಯದ ಬಗ್ಗೆಯೂ ಒಂದು ಕಥೆಯಿದೆ. ಗಿನ್ನೆಸ್ ಯೋಗಾಭ್ಯಾಸದ ಬಲದಿಂದ ಬಹಳ ಹೊತ್ತು ಉಸಿರು ಕಟ್ಟಬಲ್ಲೆ ಎಂದು ಹೇಳಿ, ತಂತಿಯಿಂದ ಬಿಗಿಸಿಕೊಂಡು ನೀರಿಗೆ ಇಳಿದರು. ದೃಶ್ಯ ಮುಗಿದ ಸಂಭ್ರಮದಲ್ಲಿ ಅವರನ್ನು ಬಿಡಿಸಬೇಕೆಂಬುದೇ ಎಲ್ಲರಿಗೂ ಮರೆತುಹೋಗಿತ್ತು.

ಈ ಎಂಟು ವೇಷಗಳ ಸೊಗಸು ಮೂಗು, ಮೀಸೆ, ಲಂಗಗಳಲ್ಲಷ್ಟೇ ಇಲ್ಲ. ಎಲ್ಲರೂ ಒಂದೇ ಮನೆತನದವರು ಎಂಬುದು ಕಾಣಬೇಕು, ಆದರೂ ಒಬ್ಬರಂತೆ ಇನ್ನೊಬ್ಬರಿರಬಾರದು. ಗಿನ್ನೆಸ್ ಪಾತ್ರವನ್ನು ಹಿಡಿಯುತ್ತಿದ್ದುದು ನಡಿಗೆಯಿಂದ. ಆ ಮನುಷ್ಯ ಹೇಗೆ ಹೆಜ್ಜೆ ಹಾಕುತ್ತಾನೆ ಎಂಬುದು ಸಿಗುವವರೆಗೆ ಮಾತು ಕೂಡಿಬರುತ್ತಿರಲಿಲ್ಲ. ‘ದಿ ಲ್ಯಾವೆಂಡರ್ ಹಿಲ್ ಮಾಬ್’ (1951) ಚಿತ್ರದಲ್ಲಿ ಚಿನ್ನದ ಗಟ್ಟಿ ಕದಿಯಲು ಹೊರಟ ಬ್ಯಾಂಕ್ ಗುಮಾಸ್ತನಿಗೆ ಕುಪ್ಪಳಿಸುವ ಒಂದು ಪುಟ್ಟ ನಡಿಗೆ. ಆ ಪಾತ್ರ ಮೊದಲ ಆಸ್ಕರ್ ನಾಮನಿರ್ದೇಶನ ತಂದಿತು. ಅದೇ ವರ್ಷದ ‘ದಿ ಮ್ಯಾನ್ ಇನ್ ದಿ ವೈಟ್ ಸೂಟ್’ನಲ್ಲಿ ಎಂದೂ ಕೊಳೆಯಾಗದ, ಹರಿಯದ ಬಟ್ಟೆ ಕಂಡುಹಿಡಿದು ಗಿರಣಿಯ ಮಾಲೀಕರು, ಕಾರ್ಮಿಕರು ಇಬ್ಬರ ಕಣ್ಣಿಗೂ ಕಸವಾಗುವ ವಿಜ್ಞಾನಿ. ‘ದಿ ಲೇಡಿಕಿಲ್ಲರ್ಸ್’ (1955) ಬರುವ ಹೊತ್ತಿಗೆ ಉಬ್ಬುಹಲ್ಲಿನ, ಕೆದರಿದ ಕೂದಲಿನ ಕಳ್ಳ ಪ್ರೊಫೆಸರ್ ಆಗಿದ್ದರು. ನಗಿಸುವುದರಲ್ಲಿ ಇವರಿಗಿಂತ ಮುಂದಿದ್ದವರು ಬ್ರಿಟನ್ನಿನಲ್ಲಿ ಇದ್ದರು. ತಾನು ನಗಿಸುತ್ತಿದ್ದೇನೆ ಎಂಬ ಅರಿವೇ ಇಲ್ಲದವನಂತೆ ನಗಿಸುವುದರಲ್ಲಿ ಇರಲಿಲ್ಲ.

ಇದೇ ವರ್ಷಗಳಲ್ಲಿ ರಂಗದ ಮೇಲೆ ದೊಡ್ಡ ಪೆಟ್ಟು ಬಿತ್ತು. 1949ರ ಎಡಿನ್‌ಬರೊ ಉತ್ಸವದಲ್ಲಿ ಟಿ.ಎಸ್. ಎಲಿಯಟ್‌ನ ‘ದಿ ಕಾಕ್‌ಟೇಲ್ ಪಾರ್ಟಿ’ಯ ನಿಗೂಢ ಅತಿಥಿಯಾಗಿ ಗೆದ್ದು, ನ್ಯೂಯಾರ್ಕಿನಲ್ಲೂ ಹೆಸರು ಮಾಡಿ ಬಂದಿದ್ದ ಗಿನ್ನೆಸ್, 1951ರಲ್ಲಿ ‘ಹ್ಯಾಮ್ಲೆಟ್’ ಅನ್ನು ತಾವೇ ನಿರ್ದೇಶಿಸಿ ತಾವೇ ಮುಖ್ಯ ಪಾತ್ರಕ್ಕೆ ನಿಂತರು. ಮೊದಲ ರಾತ್ರಿ ಬೆಳಕಿನ ವ್ಯವಸ್ಥೆ ಕೈಕೊಟ್ಟಿತು; ಕತ್ತಲು ಕವಿಯಬೇಕಾದಲ್ಲಿ ಹಗಲಾಯಿತು. ಮೇಲಿನ ಅಂತಸ್ತಿನ ಪ್ರೇಕ್ಷಕರು ಕೂಗಿದರು, ಪತ್ರಿಕೆಗಳು ಹರಿದು ಹಾಕಿದವು. ತಪ್ಪು ದೀಪಗಳದ್ದಷ್ಟೇ ಆಗಿರಲಿಲ್ಲ. ಹ್ಯಾಮ್ಲೆಟ್ ತನ್ನ ಒಡಲನ್ನು ಪ್ರೇಕ್ಷಕರ ಮುಂದೆ ತೆರೆದಿಡಬೇಕಾದ ಪಾತ್ರ. ಗಿನ್ನೆಸ್ ಬಾಗಿಲು ಅರ್ಧ ತೆರೆದು ನಿಲ್ಲುವವರು. 1966ರಲ್ಲಿ ರಾಯಲ್ ಕೋರ್ಟ್ ರಂಗಮಂದಿರದಲ್ಲಿ ಫ್ರೆಂಚ್ ನಟಿ ಸಿಮೋನ್ ಸಿಗ್ನೊರೆ ಜೊತೆ ಮಾಡಿದ ‘ಮ್ಯಾಕ್‌ಬೆತ್’ ಕೂಡ ಇದೇ ಕಾರಣಕ್ಕೆ ಕುಸಿಯಿತು. ಆದರೆ 1953ರಲ್ಲಿ ಕೆನಡಾದ ಸ್ಟ್ರಾಟ್‌ಫರ್ಡ್ ಎಂಬ ಸಣ್ಣ ಊರಿನಲ್ಲಿ ಗತ್ರಿ ಜೊತೆ ಸೇರಿ ಡೇರೆಯೊಳಗೆ ಷೇಕ್ಸ್‌ಪಿಯರ್ ಉತ್ಸವ ಆರಂಭಿಸಿದಾಗ ಅವರು ಆಡಿದ ಮೂರನೇ ರಿಚರ್ಡ್ ಗೆದ್ದ. ರಿಚರ್ಡ್ ಮನಸ್ಸಿನಲ್ಲೊಂದು, ಹೊರಗೊಂದು ಇಟ್ಟುಕೊಂಡವನು. ಆ ಉತ್ಸವ ಇಂದಿಗೂ ನಡೆಯುತ್ತಿದೆ.

1954ರಲ್ಲಿ ‘ಫಾದರ್ ಬ್ರೌನ್’ ಚಿತ್ರಕ್ಕಾಗಿ ಫ್ರಾನ್ಸಿನ ಬರ್ಗಂಡಿಯಲ್ಲಿದ್ದಾಗ ನಡೆದ ಒಂದು ಘಟನೆಯನ್ನು ಗಿನ್ನೆಸ್ ಮರೆಯಲಿಲ್ಲ. ಪಾದ್ರಿಯ ನಿಲುವಂಗಿಯಲ್ಲೇ ಕತ್ತಲ ದಾರಿಯಲ್ಲಿ ಬಿಡಾರಕ್ಕೆ ನಡೆಯುತ್ತಿದ್ದಾಗ ಪರಿಚಯವಿಲ್ಲದ ಹುಡುಗನೊಬ್ಬ ಓಡಿ ಬಂದು ಕೈ ಹಿಡಿದು, ಹರಟುತ್ತಾ ಜೊತೆಗೆ ನಡೆದು, ವಂದಿಸಿ ಹೋದ. ಬಟ್ಟೆ ನೋಡಿಯೇ ಇಷ್ಟು ನಂಬಿಕೆ ಹುಟ್ಟುವುದಾದರೆ ಎಂಬ ಯೋಚನೆ ಅವರಲ್ಲಿ ಉಳಿಯಿತು. ಹನ್ನೊಂದು ವರ್ಷದ ಮಗ ಮ್ಯಾಥ್ಯೂಗೆ ಪೋಲಿಯೊ ತಗುಲಿ ಸೊಂಟದಿಂದ ಕೆಳಗೆ ಸ್ವಾಧೀನ ತಪ್ಪಿದಾಗ, ಸ್ಟುಡಿಯೊದಿಂದ ಮನೆಗೆ ಹೋಗುವ ದಾರಿಯ ಕ್ಯಾಥೊಲಿಕ್ ಇಗರ್ಜಿಯಲ್ಲಿ ಕೂರುವುದು ರೂಢಿಯಾಯಿತು. ಮಗ ಚೇತರಿಸಿಕೊಂಡ. 1956ರಲ್ಲಿ ಗಿನ್ನೆಸ್ ಕ್ಯಾಥೊಲಿಕ್ ಪಂಥಕ್ಕೆ ಸೇರಿದರು, ಸ್ವಲ್ಪ ಸಮಯದಲ್ಲೇ ಮೆರುಲಾ ಕೂಡ.

ಅವರ ಹೆಸರನ್ನು ಜಗತ್ತಿನ ಮೂಲೆಮೂಲೆಗೆ ಒಯ್ದದ್ದು ಮತ್ತೆ ಡೇವಿಡ್ ಲೀನ್. ‘ದಿ ಬ್ರಿಜ್ ಆನ್ ದಿ ರಿವರ್ ಕ್ವಾಯ್’ (1957) ಚಿತ್ರದಲ್ಲಿ ಜಪಾನೀಯರ ಸೆರೆಯಲ್ಲಿರುವ ಬ್ರಿಟಿಷ್ ಸೈನಿಕರ ಮುಖ್ಯಸ್ಥ ಕರ್ನಲ್ ನಿಕೋಲ್ಸನ್. ಪಾತ್ರವನ್ನು ಗಿನ್ನೆಸ್ ಮೊದಲು ಒಲ್ಲೆನೆಂದಿದ್ದರು. ನಿರ್ಮಾಪಕ ಸ್ಯಾಮ್ ಸ್ಪೀಗೆಲ್ ಒಂದು ರಾತ್ರಿ ಊಟಕ್ಕೆ ಕರೆದು ಒಪ್ಪಿಸಿದರು. ಸಿಂಹಳದ ಕಿತುಲ್ಗಲದ ಬೇಗೆಯಲ್ಲಿ ತಿಂಗಳುಗಟ್ಟಲೆ ಚಿತ್ರೀಕರಣ. ನಟನಿಗೂ ನಿರ್ದೇಶಕರಿಗೂ ದಿನವೂ ಜಟಾಪಟಿ. ನಿಕೋಲ್ಸನ್‌ನಲ್ಲಿ ಒಂದಿಷ್ಟು ಹಾಸ್ಯ, ಒಂದಿಷ್ಟು ಮೃದುತ್ವ ಇರಬೇಕೆಂದು ಗಿನ್ನೆಸ್, ಬೇಡವೆಂದು ಲೀನ್. ನಿಯಮ ಬಿಟ್ಟುಕೊಡದ ಕರ್ನಲ್‌ನನ್ನು ಜಪಾನೀಯರು ಬಿಸಿಲಿನಲ್ಲಿ ಕಾದ ತಗಡಿನ ಗೂಡಿಗೆ ತಳ್ಳುತ್ತಾರೆ. ಹೊರಗೆ ಬಿಟ್ಟಾಗ ಅವನು ಸೈನಿಕರೆಲ್ಲ ನೋಡುತ್ತಿರುವ ಮೈದಾನವನ್ನು ದಾಟಬೇಕು. ಬೀಳುವಷ್ಟು ನಿತ್ರಾಣ, ಆದರೆ ಅಧಿಕಾರಿಯ ಠೀವಿ ಬಿಡುವಂತಿಲ್ಲ. ಗಿನ್ನೆಸ್ ಆ ನಡಿಗೆಯನ್ನು ಪೋಲಿಯೊದಿಂದ ಎದ್ದು ಮತ್ತೆ ನಡೆಯಲು ಕಲಿಯುತ್ತಿದ್ದ ಮಗನಿಂದ ತೆಗೆದುಕೊಂಡರು. ತಮ್ಮ ಇಡೀ ವೃತ್ತಿಯಲ್ಲಿ ಮಾಡಿದ ಅತ್ಯುತ್ತಮ ಕೆಲಸಗಳಲ್ಲಿ ಅದೊಂದು ಎಂದು ಅವರೇ ಎಣಿಸಿದ್ದರು. ಶತ್ರುವಿಗಾಗಿ ಕಟ್ಟಿದ ಸೇತುವೆಯನ್ನೇ ಪ್ರೀತಿಸಲು ಆರಂಭಿಸಿ, ಅದನ್ನು ಉಡಾಯಿಸಲು ಬಂದ ತನ್ನವರನ್ನೇ ತಡೆಯುವ ನಿಕೋಲ್ಸನ್‌ನ ಹುಚ್ಚು ಎಲ್ಲಿ ಶುರುವಾಯಿತು ಎಂದು ಬೆರಳಿಟ್ಟು ತೋರಿಸಲಾಗದು. ನೆಟ್ಟಗೆ ನಿಂತ ಆ ಬೆನ್ನಿನ ಹಿಂದೆ ಅದು ಮೊದಲಿನಿಂದಲೇ ಇತ್ತೇನೋ ಎನಿಸುತ್ತದೆ. ಚಿತ್ರಕ್ಕೆ ಏಳು ಆಸ್ಕರ್ ಬಂದವು, ಅತ್ಯುತ್ತಮ ನಟ ಪ್ರಶಸ್ತಿ ಗಿನ್ನೆಸ್‌ಗೆ. 1959ರಲ್ಲಿ ‘ಸರ್’ ಪದವಿ.

ಆಮೇಲಿನ ಹದಿನೈದು ವರ್ಷ ಕೆಲಸ ಬಹಳ, ಫಲ ಏರುಪೇರು. ಕುಡುಕ ಚಿತ್ರಕಾರನ ಕಥೆ ‘ದಿ ಹಾರ್ಸಸ್ ಮೌತ್’ಗೆ (1958) ಚಿತ್ರಕಥೆಯನ್ನೂ ಬರೆದು ಅದಕ್ಕೂ ಆಸ್ಕರ್ ನಾಮನಿರ್ದೇಶನ ಪಡೆದರು. ‘ಟ್ಯೂನ್ಸ್ ಆಫ್ ಗ್ಲೋರಿ’ಯಲ್ಲಿ (1960) ಸ್ಕಾಟ್ಲೆಂಡಿನ ಸೈನಿಕ ತುಕಡಿಯ ಬಾಯಿಬಡುಕ, ಒರಟು ಕರ್ನಲ್ ಜಾಕ್ ಸಿಂಕ್ಲೇರ್, ಕೆಂಪು ಕೂದಲು, ಕೆಂಪು ಮೀಸೆ. ಮೇಲೆ ಹೇಳಿದ ಬಾಗಿಲು ಪೂರ್ತಿ ತೆರೆದ ಅಪರೂಪದ ಪಾತ್ರ ಅದು, ಅವರಿಗೆ ಅಚ್ಚುಮೆಚ್ಚಿನದೂ ಹೌದು. ಅದೇ ವರ್ಷ ಲಂಡನ್ನಿನ ರಂಗದ ಮೇಲೆ ‘ರಾಸ್’ ನಾಟಕದಲ್ಲಿ ಟಿ.ಇ. ಲಾರೆನ್ಸ್ ಆಗಿದ್ದರು. ಎರಡು ವರ್ಷದ ನಂತರ ಲೀನ್ ಅವರ ‘ಲಾರೆನ್ಸ್ ಆಫ್ ಅರೇಬಿಯಾ’ ಬಂದಾಗ ಆ ಪಾತ್ರ ಇನ್ನೂ ಮೂವತ್ತಾಗದ ಪೀಟರ್ ಒಟೂಲ್‌ಗೆ ಹೋಗಿ, ಗಿನ್ನೆಸ್ ಪಾಲಿಗೆ ಅರಬ್ ರಾಜಕುಮಾರ ಫೈಸಲ್ ಉಳಿಯಿತು. ‘ಡಾಕ್ಟರ್ ಜಿವಾಗೊ’ (1965) ಚಿತ್ರದಲ್ಲಿ ಕಥೆ ಹೇಳುವ ಅಣ್ಣ. 1964ರಲ್ಲಿ ವೆಲ್ಷ್ ಕವಿ ಡಿಲನ್ ಥಾಮಸ್‌ನ ಪಾತ್ರಕ್ಕೆ ಬ್ರಾಡ್‌ವೇಯ ಟೋನಿ ಪ್ರಶಸ್ತಿ. ಹಿಟ್ಲರ್ ಕೂಡ ಆದರು, 1973ರಲ್ಲಿ. ಆ ಚಿತ್ರ ನೆನಪಿನಲ್ಲಿ ಉಳಿಯುವಂಥದ್ದಲ್ಲ.

1976ರಲ್ಲಿ ಹಾಲಿವುಡ್‌ನಲ್ಲಿ ಒಂದು ಪತ್ತೇದಾರಿ ಹಾಸ್ಯಚಿತ್ರ ಮುಗಿಸುವ ಹೊತ್ತಿಗೆ ಜಾರ್ಜ್ ಲ್ಯೂಕಸ್ ಎಂಬ ಯುವ ನಿರ್ದೇಶಕನ ಚಿತ್ರಕಥೆ ಕೈಗೆ ಬಂದಿತ್ತು. ಬಾಹ್ಯಾಕಾಶದ ಕಥೆ ಎಂದು ತಿಳಿದಾಗ ಮುಖ ಸಿಂಡರಿಸಿದರೂ ಓದತೊಡಗಿದ ಮೇಲೆ ಪುಟ ಮಗುಚದೆ ಇರಲಾಗಲಿಲ್ಲ. ಸಂಭಾಷಣೆ ಕೆಟ್ಟದಾಗಿದೆ, ಆದರೆ ಕಥೆ ಓಡುತ್ತದೆ ಎಂಬುದು ಅವರ ತೀರ್ಮಾನ. ‘ಸ್ಟಾರ್ ವಾರ್ಸ್’ನ ವೃದ್ಧ ಯೋಧ ಓಬಿ ವಾನ್ ಕೆನೋಬಿಯಾಗಲು ಒಪ್ಪಿ, ಸಂಭಾವನೆಯ ಜೊತೆಗೆ ಚಿತ್ರದ ಗಳಿಕೆಯಲ್ಲಿ ಶೇಕಡ ಎರಡರ ಸುತ್ತಮುತ್ತಲಿನ ಪಾಲೂ ಬರುವಂತೆ ನೋಡಿಕೊಂಡರು. 1977ರಲ್ಲಿ ಚಿತ್ರ ಬಿಡುಗಡೆಯಾಗಿ ದಾಖಲೆಗಳನ್ನೆಲ್ಲ ಮುರಿದಾಗ ಆ ಸಣ್ಣ ಪಾಲೇ ಅವರನ್ನು ಜೀವನಪೂರ್ತಿ ನಿಶ್ಚಿಂತರನ್ನಾಗಿ ಮಾಡಿತು. ಆದರೆ ನಲವತ್ತು ವರ್ಷದ ದುಡಿಮೆಯನ್ನು ಮರೆತು ಜನ ತಮ್ಮನ್ನು ನಿಲುವಂಗಿಯ ಆ ಒಂದು ವೇಷದಲ್ಲೇ ನೋಡುತ್ತಾರೆ ಎಂಬ ಅಸಮಾಧಾನ ಬೆಳೆಯುತ್ತಲೇ ಹೋಯಿತು. ನೂರಕ್ಕಿಂತ ಹೆಚ್ಚು ಸಲ ಚಿತ್ರ ನೋಡಿದ್ದೇನೆಂದು ಹೆಮ್ಮೆಯಿಂದ ಹಸ್ತಾಕ್ಷರ ಕೇಳಿದ ಹುಡುಗನಿಗೆ, ಇನ್ನು ಮುಂದೆ ನೋಡಬೇಡ ಎಂಬ ಷರತ್ತು ಹಾಕಿ ಅಳಿಸಿದ ಪ್ರಸಂಗವನ್ನು ಅವರೇ ದಾಖಲಿಸಿದ್ದಾರೆ. ಕೃತಘ್ನತೆ ಎನ್ನಬಹುದು. ಆದರೂ ಚಿತ್ರದಲ್ಲಿ ಅವರ ಕೆಲಸದಲ್ಲಿ ಎಲ್ಲೂ ಉಡಾಫೆ ಕಾಣುವುದಿಲ್ಲ. ತಗಡು ಗೊಂಬೆಗಳ, ಬೆಳಕಿನ ಕತ್ತಿಗಳ ನಡುವೆ ಈ ಕಥೆಯನ್ನು ನಂಬಬಹುದು ಎಂಬ ಭರವಸೆ ಹುಟ್ಟುವುದೇ ಅವರ ಮುಖದಿಂದ. ಆ ಪಾತ್ರಕ್ಕೂ ಆಸ್ಕರ್ ನಾಮನಿರ್ದೇಶನ ಬಂತು. ಇನ್ನೊಂದು ಸ್ವಾರಸ್ಯ: ಸ್ಟಾರ್ ವಾರ್ಸ್‌ನ ವಿಚಿತ್ರ ಜೀವಿಗಳನ್ನು ರೂಪಿಸಿದವರಲ್ಲಿ ಮುಖ್ಯರಾದವರು ಫೇಗಿನ್‌ನ ಮೂಗು ಕಟ್ಟಿದ ಅದೇ ಸ್ಟುವರ್ಟ್ ಫ್ರೀಬಾರ್ನ್.

ವೇಷದ ಬಣ್ಣ ಒಂದೊಂದೇ ಪದರ ಕಳಚುತ್ತಾ ಬಂದ ನಟ ಕೊನೆಗೆ ಬಂದು ನಿಂತದ್ದು ಒಂದು ಕನ್ನಡಕದಲ್ಲಿ. 1979ರಲ್ಲಿ ಬಿಬಿಸಿ ಏಳು ಕಂತುಗಳಲ್ಲಿ ಪ್ರಸಾರ ಮಾಡಿದ ‘ಟಿಂಕರ್ ಟೈಲರ್ ಸೋಲ್ಜರ್ ಸ್ಪೈ’ನಲ್ಲಿ ನಿವೃತ್ತ ಗೂಢಚಾರ ಜಾರ್ಜ್ ಸ್ಮೈಲಿ. ಕಾದಂಬರಿಕಾರ ಜಾನ್ ಲೆ ಕಾರೆಗೆ ಬರೆದ ಪತ್ರದಲ್ಲಿ ಗಿನ್ನೆಸ್, ಪುಸ್ತಕದ ಸ್ಮೈಲಿ ಕುಳ್ಳ, ಗುಂಡಗಿನ ಮನುಷ್ಯ, ತಾನು ಹಾಗಿಲ್ಲವಲ್ಲ ಎಂದು ಹಿಂಜರಿದಿದ್ದರು. ನಿಜವಾದ ಗೂಢಚಾರನನ್ನು ನೋಡಬೇಕೆಂಬ ಅವರ ಆಸೆಗೆ ಲೆ ಕಾರೆ, ಬ್ರಿಟಿಷ್ ಗುಪ್ತಚರ ಸಂಸ್ಥೆಯ ಮುಖ್ಯಸ್ಥರಾಗಿ ನಿವೃತ್ತರಾಗಿದ್ದ ಮಾರಿಸ್ ಓಲ್ಡ್‌ಫೀಲ್ಡ್ ಅವರ ಜೊತೆ ಊಟ ಏರ್ಪಡಿಸಿದರು. ಓಲ್ಡ್‌ಫೀಲ್ಡ್ ಮಾತಾಡಿದರು, ಗಿನ್ನೆಸ್ ನೋಡಿದರು: ಅಂಗಿಯ ಕೈಗುಂಡಿ, ಕೊಡೆ, ನಡಿಗೆ, ಗಾಜಿನ ಲೋಟದ ಅಂಚಿನ ಮೇಲೆ ಆಡುವ ಬೆರಳು. ಆ ಬೆರಳು ವಿಷದ ಪಸೆ ಹುಡುಕುತ್ತಿತ್ತೇ ಎಂದು ಆಮೇಲೆ ಲೆ ಕಾರೆಯನ್ನು ಗಂಭೀರವಾಗಿಯೇ ಕೇಳಿದರಂತೆ.

ಸ್ಮೈಲಿಯ ಪಾತ್ರದಲ್ಲಿ ಹೊರಗೆ ಕಾಣುವ ಕ್ರಿಯೆ ಬಹಳ ಕಡಿಮೆ. ಅವನು ಕೇಳುತ್ತಾನೆ. ಸಹೋದ್ಯೋಗಿಗಳಲ್ಲಿ ದ್ರೋಹಿ ಯಾರೆಂದು ಪತ್ತೆ ಮಾಡಲು ಹಳಬರನ್ನು ಒಬ್ಬೊಬ್ಬರಾಗಿ ಮಾತಿಗೆ ಎಳೆಯುತ್ತಾನೆ. ಹೆಂಡತಿಯ ಹೆಸರು ಬಂದಾಗಲೆಲ್ಲ ಕಣ್ಣು ಎತ್ತದೆ ಕನ್ನಡಕ ಒರೆಸುತ್ತಾನೆ. ಎದುರಿನವರು ಮಾತಾಡುತ್ತಿದ್ದರೂ ನೋಡುಗರ ಗಮನ ಕೇಳಿಸಿಕೊಳ್ಳುವವನ ಮುಖದಲ್ಲೇ ಇರುತ್ತದೆ. ರಂಗಭೂಮಿಯ ಹಿಂದಿನ ಸಾಲಿಗೆ ಇದು ತಲುಪುತ್ತಿರಲಿಲ್ಲ. ಕ್ಯಾಮೆರಾಕ್ಕೆ, ಅದರಲ್ಲೂ ಮನೆಯೊಳಗಿನ ಸಣ್ಣ ಪರದೆಗೆ, ಇದಕ್ಕಿಂತ ತಕ್ಕ ಅಭಿನಯ ಸಿಗುವುದು ಕಷ್ಟ. 1951ರಲ್ಲಿ ಅವರನ್ನು ಕೆಳಗೆ ಬೀಳಿಸಿದ ಗುಣವೇ ಇಲ್ಲಿ ಅವರನ್ನು ಎಲ್ಲರಿಗಿಂತ ಮೇಲೆ ಕೂರಿಸಿತು. ಈ ಧಾರಾವಾಹಿಗೂ 1982ರ ‘ಸ್ಮೈಲೀಸ್ ಪೀಪಲ್’ಗೂ ಬ್ರಿಟಿಷ್ ಅಕಾಡೆಮಿಯ ಪ್ರಶಸ್ತಿಗಳು ಬಂದವು. ಲೆ ಕಾರೆಗೆ ಮಾತ್ರ ಒಂದು ತೊಂದರೆಯಾಯಿತು. ಸ್ಮೈಲಿಯನ್ನು ಬರೆಯಲು ಕೂತರೆ ಗಿನ್ನೆಸ್ ದನಿಯೇ ಕೇಳುತ್ತದೆ, ಪಾತ್ರ ತನ್ನ ಕೈತಪ್ಪಿ ಹೋಗಿದೆ ಎಂದು ಅವರು ಹೇಳಿಕೊಂಡರು.

ಎಪ್ಪತ್ತರ ಅಂಚಿನಲ್ಲಿ ಗಿನ್ನೆಸ್ ಬೆಂಗಳೂರಿಗೆ ಬಂದರು. ಇ.ಎಂ. ಫಾರ್‌ಸ್ಟರ್‌ನ ‘ಎ ಪ್ಯಾಸೇಜ್ ಟು ಇಂಡಿಯಾ’ ಕಾದಂಬರಿಯನ್ನು ಡೇವಿಡ್ ಲೀನ್ 1983–84ರಲ್ಲಿ ಚಿತ್ರೀಕರಿಸಿದ್ದು ಬಹುಮಟ್ಟಿಗೆ ಕರ್ನಾಟಕದಲ್ಲಿ. ಕಥೆಯ ಊರಾದ ಚಂದ್ರಾಪುರದ ಪೇಟೆಯನ್ನು ಬೆಂಗಳೂರು ಅರಮನೆಯ ಆವರಣದಲ್ಲಿ ಕಟ್ಟಿದರು. ಫಾರ್‌ಸ್ಟರ್ ತನ್ನ ಮರಾಬಾರ್ ಗುಹೆಗಳಿಗೆ ಮಾದರಿಯಾಗಿ ಇಟ್ಟುಕೊಂಡದ್ದು ಬಿಹಾರದ ಬರಾಬರ್ ಬೆಟ್ಟಗಳನ್ನು. ಲೀನ್‌ಗೆ ಅವು ಸಾಕಷ್ಟು ಭವ್ಯವೆನಿಸದೆ, ಮಾಗಡಿ ಸಮೀಪದ ಸಾವನದುರ್ಗದ ಮತ್ತು ರಾಮನಗರದ ಬಂಡೆಗಳು ಮರಾಬಾರ್ ಆದವು. ಆ ಚಿತ್ರದಲ್ಲಿ ಗಿನ್ನೆಸ್ ಬ್ರಾಹ್ಮಣ ಪ್ರಾಧ್ಯಾಪಕ ನಾರಾಯಣ ಗೋಡಬೋಲೆ.

ಅದು ತಪ್ಪಿದ ಆಯ್ಕೆ. ವಿಕ್ಟರ್ ಬ್ಯಾನರ್ಜಿ, ಸಯೀದ್ ಜಾಫ್ರಿ, ರೋಷನ್ ಸೇಠ್ ಮುಂತಾದ ಭಾರತೀಯ ನಟರು ಇದ್ದ ಚಿತ್ರದಲ್ಲಿ ಮುಖಕ್ಕೆ ಕಂದು ಬಣ್ಣ, ಹಣೆಗೆ ನಾಮ ಹಚ್ಚಿಕೊಂಡ ಇಂಗ್ಲಿಷ್ ನಟ ಒಬ್ಬನೇ ನಾಟಕದಿಂದ ತಪ್ಪಿಸಿಕೊಂಡು ಬಂದವನಂತೆ ಕಾಣುತ್ತಾನೆ. ಫೈಸಲ್‌ನ ಕಾಲಕ್ಕೆ ನಡೆದುಹೋದದ್ದು 1984ಕ್ಕೆ ನಡೆಯಲಿಲ್ಲ. ಸ್ಮೈಲಿಯಲ್ಲಿ ಬಣ್ಣದ ಹಂಗು ತೊರೆದಿದ್ದ ನಟ ಮತ್ತೆ ಬಣ್ಣದ ಡಬ್ಬಿಗೆ ಮರಳಿದ್ದು ವಿಷಾದದ ಸಂಗತಿ. ಗೋಡಬೋಲೆಯ ನೃತ್ಯವೊಂದಕ್ಕಾಗಿ ಗಿನ್ನೆಸ್ ಶ್ರಮಪಟ್ಟು ತಯಾರಾಗಿದ್ದರು. ಸಂಕಲನದಲ್ಲಿ ಲೀನ್ ಅದನ್ನು ತೆಗೆದುಹಾಕಿದರು. ನಲವತ್ತು ವರ್ಷದ ಜಗಳಗಂಟ ಸ್ನೇಹಕ್ಕೆ ಅದು ಕೊನೆಯ ಚಿತ್ರವಾಯಿತು, ಲೀನ್‌ಗೂ ಅದೇ ಕಡೆಯದು. ಚಿತ್ರದ ಗೌರವವನ್ನು ಉಳಿಸಿದವರು ಗಿನ್ನೆಸ್ ಅವರ ಹಳೆಯ ರಂಗ ಸಂಗಾತಿ ಪೆಗ್ಗಿ ಆಶ್‌ಕ್ರಾಫ್ಟ್. ಮಿಸೆಸ್ ಮೂರ್ ಪಾತ್ರಕ್ಕೆ ಅವರಿಗೆ ಆಸ್ಕರ್ ಬಂತು.

ಚಾರ್ಲ್ಸ್ ಡಿಕನ್ಸ್‌ನಿಂದ ಶುರುವಾದ ಚಿತ್ರಜೀವನಕ್ಕೆ ದೊಡ್ಡ ಪಾತ್ರಗಳಲ್ಲಿ ಕೊನೆಯದನ್ನು ಕೊಟ್ಟವನೂ ಡಿಕನ್ಸ್. ‘ಲಿಟ್ಲ್ ಡಾರಿಟ್’ (1987) ಚಿತ್ರದಲ್ಲಿ ಸಾಲಗಾರರ ಜೈಲಿನಲ್ಲೇ ಮುದುಕನಾಗಿ, ಅಲ್ಲೇ ದೊರೆಯಂತೆ ದರ್ಬಾರು ನಡೆಸುವ ವಿಲಿಯಂ ಡಾರಿಟ್. ಹಣ ಬಂದು ಬಿಡುಗಡೆಯಾದ ಮೇಲೂ ಜೈಲು ಅವನೊಳಗಿಂದ ಹೋಗುವುದಿಲ್ಲ. ಔತಣಕೂಟದಲ್ಲಿ ಆ ಗುಟ್ಟು ತಾನಾಗಿ ಬಾಯಿಗೆ ಬಂದುಬಿಡುವ ದೃಶ್ಯ ಗಿನ್ನೆಸ್ ಬಿಟ್ಟುಹೋದ ಅತ್ಯಂತ ನೋವಿನ ಅಭಿನಯ. ಅದು ಕೊನೆಯ ಆಸ್ಕರ್ ನಾಮನಿರ್ದೇಶನವನ್ನೂ ತಂದಿತು. 1988ರಲ್ಲಿ ಲಂಡನ್ನಿನಲ್ಲಿ ‘ಎ ವಾಕ್ ಇನ್ ದಿ ವುಡ್ಸ್’ ನಾಟಕದ ರಷ್ಯನ್ ರಾಯಭಾರಿಯಾಗಿ ರಂಗಕ್ಕೆ ಬಂದು, ಅಲ್ಲಿಗೆ ಗೆಜ್ಜೆ ಬಿಚ್ಚಿದರು.

ಉಳಿದ ಕಾಲ ಬರವಣಿಗೆಗೆ ಹೋಯಿತು. ಆತ್ಮಕಥೆ ‘ಬ್ಲೆಸಿಂಗ್ಸ್ ಇನ್ ಡಿಸ್ಗೈಸ್’ 1985ರಲ್ಲಿ ಬಂದಿತ್ತು. ತೊಂಬತ್ತರ ದಶಕದಲ್ಲಿ ದಿನಚರಿಯ ಎರಡು ಪುಸ್ತಕಗಳು ಬಂದವು. ಮೂರೂ ಸೊಗಸಾದ ಗದ್ಯ. ಗೆಳೆಯರ ಬಗ್ಗೆ, ನಾಯಿಗಳ ಬಗ್ಗೆ, ಊಟದ ಬಗ್ಗೆ, ಇಗರ್ಜಿಯ ಬಗ್ಗೆ ಧಾರಾಳ. ತಮ್ಮ ಬಗ್ಗೆ ಪರಮ ಜಿಪುಣ. ಹ್ಯಾಂಪ್‌ಶೈರ್‌ನ ಪೀಟರ್ಸ್‌ಫೀಲ್ಡ್ ಬಳಿಯ ಹಳ್ಳಿಮನೆಯಲ್ಲಿ ಮೆರುಲಾ ಚಿತ್ರ ಬಿಡಿಸಿಕೊಂಡು, ಸಾಕುಪ್ರಾಣಿಗಳನ್ನು ನೋಡಿಕೊಂಡು ಇದ್ದರು. ಪ್ರಸಿದ್ಧರ ಕೂಟಗಳಿಗಿಂತ ಆ ಮನೆಯೇ ಇಬ್ಬರಿಗೂ ಹಿತವಾಗಿತ್ತು. ಬೀದಿಯಲ್ಲಿ ಯಾರೂ ಗುರುತಿಸದೆ ನಡೆದುಹೋಗುವುದು ಅವರಿಗೆ ಕೊನೆಯವರೆಗೂ ಸಾಧ್ಯವಿತ್ತು, ಅದು ಅವರಿಗೆ ಬೇಕೂ ಇತ್ತು.

ಯಕೃತ್ತಿನ ಕ್ಯಾನ್ಸರಿನಿಂದ ಅಲೆಕ್ ಗಿನ್ನೆಸ್ 2000ದ ಆಗಸ್ಟ್ 5ರಂದು, ಎಂಬತ್ತಾರನೆಯ ವಯಸ್ಸಿನಲ್ಲಿ ತೀರಿಕೊಂಡರು. ಎರಡು ತಿಂಗಳು ಕಳೆದು ಅಕ್ಟೋಬರ್‌ನಲ್ಲಿ ಮೆರುಲಾ ಕೂಡ ಹೋದರು. ಇಬ್ಬರ ಸಮಾಧಿಯೂ ಪೀಟರ್ಸ್‌ಫೀಲ್ಡ್‌ನ ಸ್ಮಶಾನದಲ್ಲಿದೆ. ಗಿನ್ನೆಸ್ ಬರೆದಿಟ್ಟಿದ್ದ ನೂರರಷ್ಟು ಸಂಪುಟ ದಿನಚರಿಗಳನ್ನೂ ನೂರಾರು ಪತ್ರಗಳನ್ನೂ 2013ರಲ್ಲಿ ಬ್ರಿಟಿಷ್ ಲೈಬ್ರರಿ ಕುಟುಂಬದವರಿಂದ ಕೊಂಡುಕೊಂಡಿತು.